ಒಳಮನೆಯ ಹಾವುಗೆ

ವಾಸಿಯಾಗಿದ್ದ ಕಾಲು ಎರಡನೆಯ ಸಲ ಒಡೆದುಕೊಂಡು ಬಂದಾಗ ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ನಾನು ಹೊಲಿದುಕೊಟ್ಟಿದ್ದ ಚಪ್ಪಲಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ಹಣೆಗೇರಿಸಿ, ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಪುಸ್ತಕದ ಕನ್ನಡದಲ್ಲಿ, "ಇದರಲ್ಲಿ ದೋಷ ಎಲ್ಲಿದೆ, ನೀವೇ ವಿಚಾರ ಮಾಡಿ ಹೇಳಬೇಕು" ಅಂದರು. ಸಾಗರದ ಪೇಟೆಯಲ್ಲಿ ಚಪ್ಪಲಿ ಹೊಲಿಯುವವನಿಗೆ "ನೀವು" ಅನ್ನುತ್ತಿದ್ದವರು ಆಗ ಅವರೂ ಅವರ ಹೆಂಡತಿಯೂ ಮಾತ್ರ. ಹಾಗೆ ಅಂದವರ ಜೊತೆ ಜಗಳಕ್ಕೆ ನಿಲ್ಲುವುದು ಹೇಗೆ? ಚಪ್ಪಲಿ ಎತ್ತಿಕೊಂಡು, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಳೇ ಕೊಟ್ಟಿಗೆಗೆ ಹೋಗಿ ಕೂತೆ.

ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸಿದ ಮಾರನೆಯ ವರ್ಷ ಅದು. ಊರಂಚಿನಲ್ಲಿ ಮಿಷನ್ನಿನವರ ಒಂದು ಸಣ್ಣ ಆಸ್ಪತ್ರೆ, ಅದಕ್ಕೆ ಅಂಟಿಕೊಂಡ ಹಂಚಿನ ಬಂಗಲೆ. ಕಡಲಾಚೆಯಿಂದ ಬಂದ ಡಾಕ್ಟರು, ನರ್ಸ್ ಕೆಲಸ ಕಲಿತಿದ್ದ ಅವರ ಹೆಂಡತಿ, ಆರೇಳು ವರ್ಷದ ಮಗಳು ಅಲ್ಲಿದ್ದರು. ದೊಡ್ಡ ಗಂಡುಮಕ್ಕಳಿಬ್ಬರು ದೂರದ ಗುಡ್ಡದ ಮೇಲಿನ ಯಾವುದೋ ಶಾಲೆಯಲ್ಲಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಂಡ ಹೆಂಡತಿ ಎದುರುಬದುರು ಕೂತು ಆ ಮಕ್ಕಳಿಗೆ ಕಾಗದ ಬರೆಯುತ್ತಿದ್ದರು. ಮಕ್ಕಳ ಕಾಗದ ಬಂದ ದಿನ ಅಮ್ಮಾವ್ರು (ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು) ಅದನ್ನು ಕನ್ನಡ ಮಾಡಿ ನಮಗೂ ಓದಿ ಹೇಳುತ್ತಿದ್ದರು, ನಾವೇನೋ ಆ ಹುಡುಗರ ಸೋದರಮಾವಂದಿರು ಎಂಬಂತೆ. ಅವರ ಪ್ರಾರ್ಥನೆಯ ಹಾಡಿನ ಶ್ರುತಿ ಬಗ್ಗೆ ಮಾತ್ರ ನಾನು ಏನೂ ಹೇಳುವುದಿಲ್ಲ. ಡಾಕ್ಟರು ತಮ್ಮ ಧರ್ಮಕ್ಕೆ ಬನ್ನಿ ಎಂದು ನನ್ನನ್ನು ಒಂದೇ ಒಂದು ಸಲ ಕೇಳಿದರು. ಆಗುವುದಿಲ್ಲ ಅಂದೆ. ಮತ್ತೆ ಕೇಳಲಿಲ್ಲ, ಕೆಲಸವನ್ನೂ ಕಸಿದುಕೊಳ್ಳಲಿಲ್ಲ.

ನನ್ನ ಕೆಲಸ ಕುಷ್ಠದವರಿಗೆ ಚಪ್ಪಲಿ ಮಾಡುವುದು. ಆ ರೋಗ ಹಿಡಿದ ಪಾದಕ್ಕೆ ನೋವು ಗೊತ್ತಾಗುವುದಿಲ್ಲ. ಕಲ್ಲು ಒತ್ತಲಿ, ಮುಳ್ಳು ಹೋಗಲಿ, ಕೆಂಡ ತಗಲಲಿ, ಅವರು ನಡೆಯುತ್ತಲೇ ಇರುತ್ತಾರೆ. ಒತ್ತಿದ ಜಾಗ ಒಳಗೊಳಗೇ ಕೊಳೆತು ಹುಣ್ಣಾಗುತ್ತದೆ. ಡಾಕ್ಟರು ಕೊಡುವ ಮಾತ್ರೆಯಿಂದ ರೋಗ ನಿಲ್ಲುತ್ತದೆ, ಆದರೆ ಸತ್ತ ಸ್ಪರ್ಶ ತಿರುಗಿ ಬರುವುದಿಲ್ಲ. ಆದ್ದರಿಂದ ಡಾಕ್ಟರು ಹುಣ್ಣಿರುವ ಕಾಲಿಗೆ ಆರು ವಾರ ಪ್ಲಾಸ್ಟರು ಕಟ್ಟುತ್ತಿದ್ದರು. ಹುಣ್ಣು ಮುಚ್ಚಿದ ಮೇಲೆ ಕಾಲು ನನ್ನ ಸುಪರ್ದಿಗೆ ಬರುತ್ತಿತ್ತು. ಅಂಗಾಲಿಗೆ ಎಣ್ಣೆಮಸಿ ಸವರಿ ಕಾಗದದ ಮೇಲೆ ಹೆಜ್ಜೆ ಇಡಿಸುತ್ತಿದ್ದೆ. ಎಲ್ಲಿ ಕಪ್ಪು ದಟ್ಟವೋ ಅಲ್ಲಿ ಭಾರ ಹೆಚ್ಚು. ಆ ಜಾಗಕ್ಕೆ ಸರಿಯಾಗಿ ಮೆತ್ತನೆಯ ರಬ್ಬರನ್ನು ತಗ್ಗು ಮಾಡಬೇಕು. ಆ ರಬ್ಬರು ರೈಲಿನಲ್ಲಿ ಪಾರ್ಸಲ್ ಬರುತ್ತಿತ್ತು. ಚಪ್ಪಲಿಯ ಅಡಿಭಾಗಕ್ಕೆ ಅಣೆಕಟ್ಟಿನ ಕೆಲಸದ ಲಾರಿಗಳ ಹಳೇ ಟೈರು. ಮೊಳೆ ಮಾತ್ರ ಒಂದೂ ಇರಕೂಡದು, ಎಲ್ಲ ಹೊಲಿಗೆ ಮತ್ತು ಅಂಟು. ಮೊಳೆ ಮೇಲೆದ್ದು ಚುಚ್ಚಿದರೆ ಆ ಕಾಲಿನವರಿಗೆ ತಿಳಿಯುವುದೇ ಇಲ್ಲವಲ್ಲ.

ಒಡೆದ ಕಾಲು ಒಬ್ಬ ಸೊಸೆಯದು. ಹೊಸನಗರದ ಹತ್ತಿರದ ಒಂದು ಗೇಣಿ ಒಕ್ಕಲಿನ ಮನೆ, ಹಳೆಯ ಊರು ಮುಳುಗಿ ಹೊಸ ಜಾಗಕ್ಕೆ ಬಂದವರು. ನಮ್ಮ ಜೀಪು ಮಂಗಳವಾರ ಹೊಸನಗರಕ್ಕೂ ಗುರುವಾರ ತೀರ್ಥಹಳ್ಳಿಗೂ ಹೋಗಿ ಒಬ್ಬೊಬ್ಬರಿಗೆ ತಿಂಗಳಿಗಾಗುವಷ್ಟು ಮಾತ್ರೆ ಕೊಡುತ್ತಿತ್ತು. ಈಕೆ ಹತ್ತಿರದ ಹೊಸನಗರ ಬಿಟ್ಟು, ಬಸ್ಸು ಹಿಡಿದು ತೀರ್ಥಹಳ್ಳಿಗೆ ಬರುತ್ತಿದ್ದಳು. ಗುರುತಿನವರು ನೋಡಬಾರದು ಅಂತ. ಮನೆಯಲ್ಲಿ ಗಂಡನಿಗೂ ಅತ್ತೆಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡು ಸಲವೂ ಪ್ಲಾಸ್ಟರಿನೊಳಗೆ ಹುಣ್ಣು ಚೆನ್ನಾಗಿ ಮುಚ್ಚಿತ್ತು. ಎರಡು ಸಲವೂ ನನ್ನ ಚಪ್ಪಲಿ ಹಾಕಿಕೊಂಡು ಹೋದ ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ, ಹೆಬ್ಬೆಟ್ಟಿನ ಬುಡದಲ್ಲಿ, ಒಡೆದಿತ್ತು.

ಈ ಸಲ ಡಾಕ್ಟರು ಹುಣ್ಣಿನೊಳಗೆ ಸಣ್ಣ ಸಲಾಕಿ ಹಾಕಿ ನೋಡಿ, ಅದರ ತುದಿ ಮೂಳೆಗೆ ಹೋಗಿ ತಾಗುತ್ತಿದೆ ಅಂದರು. ಇನ್ನೊಂದು ಸಲ ಮುಚ್ಚಿಸಿ ನೋಡೋಣ. ಮತ್ತೆ ಒಡೆದರೆ ಪಾದ ಉಳಿಯುವುದಿಲ್ಲ, ಕತ್ತರಿಸಬೇಕಾಗುತ್ತದೆ. ಸೊಸೆ ಅಳಲಿಲ್ಲ. "ಕಾಲು ಹೋದ್ರೆ ಮುಚ್ಚಿಡಕ್ಕಾಗಲ್ಲ ಡಾಕ್ಟ್ರೆ. ಊರಿಗೆಲ್ಲ ಗೊತ್ತಾಗ್ತದೆ. ನನ್ನ ತವರಿಗೆ ಕಳಿಸ್ತಾರೆ, ಮಗೂನ ಇಲ್ಲೇ ಇಟ್ಕಂತಾರೆ" ಅಂದಳು. ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಕೊಟ್ಟಿಗೆಯಲ್ಲಿ ಕೂತು ಚಪ್ಪಲಿ ನೋಡಿದೆ. ಹೊಲಿಗೆ ಸರಿ. ತಗ್ಗು ಸರಿ. ಬೆರಳಿಟ್ಟು ಒತ್ತಿದೆ, ರಬ್ಬರೂ ಸರಿ. ಆಮೇಲೆ ಮಗುಚಿ ಹಾಕಿ ಅಡಿ ನೋಡಿದೆ. ಟೈರಿನ ಗೀರುಗಳು ನಾನು ಕತ್ತರಿಸಿದ ದಿನ ಹೇಗಿದ್ದವೋ ಹಾಗೇ ಇವೆ. ನನ್ನ ಮೈ ಉರಿದುಹೋಯಿತು. ನಾನು ರಾತ್ರಿ ಹಗಲು ಒದ್ದಾಡಿ ಮಾಡಿದ್ದನ್ನು ಈ ಹೆಂಗಸು ಮೂಲೆಯಲ್ಲಿಟ್ಟು, ಡಾಕ್ಟರ ಹತ್ತಿರ ಬರುವಾಗ ಮಾತ್ರ ಮೆಟ್ಟಿಕೊಂಡು ಬಂದಿದ್ದಾಳೆ. ನೆಟ್ಟಗೆ ವಾರ್ಡಿಗೆ ಹೋದೆ. ಅಮ್ಮಾವ್ರು ಅವಳ ಕಾಲು ತೊಳೆಯುತ್ತಿದ್ದರು.

"ಇದನ್ನ ಹಾಕ್ಕಂಡೇ ಇಲ್ಲ ನೀವು" ಅಂದೆ. "ಮೂರು ತಿಂಗ್ಳು ಹಾಕ್ಕಂಡ ಚಪ್ಲಿ ಅಡಿ ಹಿಂಗಿರಲ್ಲ. ನಂಗೆ ಕಲಿಸ್ಬೇಡಿ."

"ದೇವ್ರಾಣೆ ಹಾಕ್ಕಂಡೀನಿ ಕಣ್ರೀ. ಹೊರಗೆ ಹೊಂಟಾಗ ಒಂದಿನಾನೂ ಬಿಟ್ಟಿಲ್ಲ. ಅಂಗಡಿಗೆ ಹೋದಾಗ, ಬಸ್ಸಿಗೆ ಬಂದಾಗ."

"ತಿಂಗ್ಳಿಗೆ ಎಷ್ಟು ಸಲ ಹೊರಗೆ ಹೊಂಡ್ತೀರಿ?"

"ಎರಡು ಸಲ. ಮೂರು ಅಂದ್ರೆ ಜಾಸ್ತಿ ಆತು."

"ಉಳಿದ ದಿನ?"

ಅವಳು ನನ್ನ ಮುಖವನ್ನೇ ನೋಡಿದಳು, ಇವನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ. "ಉಳಿದ ದಿನ ಮನೇಲೇ ಇರ್ತೀನಲ್ಲ" ಅಂದಳು.

ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟೆ. ಡಾಕ್ಟರು ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮಾತು ಒಂದೇ: "ಪಾದರಕ್ಷೆ ಇಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ." ಅದನ್ನು ನಮ್ಮ ಕಡೆಯ ಮಾತಿನಲ್ಲಿ ಬಿಡಿಸಿ ಹೇಳುವ ಕೆಲಸ ನನ್ನದು. "ಹೊರಗೆ ಹೊಂಡುವಾಗ ಮರೀದೆ ಹಾಕ್ಕಳಿ" ಎಂದು ನಾನೇ ಹೇಳುತ್ತಿದ್ದೆ. ಹೆಜ್ಜೆ ಅಂದರೆ ನನ್ನ ತಲೆಯಲ್ಲಿ ಬೀದಿಯ ಹೆಜ್ಜೆ. ಮನೆಯೊಳಗೆ ಓಡಾಡುವುದನ್ನು ನಮ್ಮಲ್ಲಿ ಯಾರು ನಡಿಗೆ ಅಂತ ಲೆಕ್ಕಕ್ಕೆ ತಗೊಳ್ಳುತ್ತಾರೆ? ಡಾಕ್ಟರಿಗಾದರೆ ತಮ್ಮ ಮನೆಯಲ್ಲಿ ಬೂಟು ಬಿಚ್ಚುವುದು ಮಂಚ ಹತ್ತುವಾಗ. ಅಡಿಗೆಮನೆಗೂ ಬೂಟಿನಲ್ಲೇ ಹೋಗುವವರು, ಬಾಗಿಲಲ್ಲಿ ಚಪ್ಪಲಿ ಬಿಡುವವರ ಕಾಲನ್ನು ಹೇಗೆ ಊಹಿಸಿಯಾರು? ಅವರಿಗೆ ಗೊತ್ತಿರಲಿಲ್ಲ, ಸರಿ. ದಿನಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ನನಗೆ?

ಸಂಜೆ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಕೆಲಸ ಹೋದರೂ ಹೋಗಲಿ ಅನ್ನಿಸಿತ್ತು. ಅವರು, "ಇಷ್ಟು ವರ್ಷ ಇಲ್ಲಿದ್ದೇನೆ. ಎಷ್ಟೋ ಮನೆಗಳ ಬಾಗಿಲಲ್ಲಿ ಬೂಟು ಬಿಚ್ಚಿದ್ದೇನೆ. ಆದರೂ ಯೋಚಿಸಲಿಲ್ಲ. ತಪ್ಪು ನನ್ನದು" ಅಂದರು. ಹಟಮಾರಿ ಮನುಷ್ಯ ಅವರು, ಜೀಪಿನ ಗೇರು ಬೀಳದಿದ್ದರೆ ತಪ್ಪು ಜೀಪಿನದೇ ಅನ್ನುವವರು. ಅವತ್ತು ಅವರ ಮೇಲೆ ನನಗೆ ಹುಟ್ಟಿದ ಗೌರವ ಆಮೇಲೆ ಕಮ್ಮಿಯಾಗಲಿಲ್ಲ.

ಸೊಸೆಗೆ ಮೂರನೆಯ ಪ್ಲಾಸ್ಟರು ಕಟ್ಟಿ ವಾರ್ಡಿನಲ್ಲಿ ಇರಿಸಿಕೊಂಡರು. ಊರಿನವರಿಗೆ ಅವಳು ತವರಿಗೆ ಹೋಗಿದ್ದಾಳೆ ಎಂದು ಹೇಳಿದ್ದರು. ನಮ್ಮ ಕೈಯಲ್ಲಿ ಆರು ವಾರ ಇತ್ತು. ಅಮ್ಮಾವ್ರು ಆ ಮನೆಯನ್ನು ಕಣ್ಣಾರೆ ನೋಡಬೇಕು ಅಂದರು. ಜೀಪು ಮನೆ ಮುಂದೆ ನಿಂತರೆ ಊರಿಗೆಲ್ಲ ಸುದ್ದಿ. ಅದಕ್ಕೆ ಜೀಪನ್ನು ದೂರದ ರಸ್ತೆಯಲ್ಲಿ ಬಿಟ್ಟು, ಜೋನಿಬೆಲ್ಲ, ಅಂದರೆ ಪಾಕದಂಥ ನೀರುಬೆಲ್ಲ, ಕೊಳ್ಳಲು ಬಂದವರ ಹಾಗೆ ಡಬ್ಬ ಹಿಡಿದು ಗದ್ದೆಯಂಚಿನಲ್ಲಿ ನಡೆದೆವು. ಜೀಪು ಓಡಿಸಿದ್ದೂ ಅಮ್ಮಾವ್ರೇ. ಆ ತಿರುವುಗಳಲ್ಲಿ ನಾನು ನನ್ನ ಕುಲದೇವರನ್ನೂ ಅವರ ದೇವರನ್ನೂ ಒಟ್ಟಿಗೇ ನೆನೆದೆ.

ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು, ಕಂಕುಳಲ್ಲಿ ಮೊಮ್ಮಗು. ನನ್ನನ್ನು ನೋಡಿದ ಕೂಡಲೇ ಅವಳಿಗೆ ಯಾವ ಕುಲದವನೆಂದು ತಿಳಿಯಿತು. ಅಂಗಳದ ತುದಿ ತೋರಿಸಿ ಕೂರಲು ಹೇಳಿದಳು. ಕೂತೆ. ಅಮ್ಮಾವ್ರು ಬೂಟು, ಕಾಲುಚೀಲ ಎರಡನ್ನೂ ಜಗುಲಿಯ ಕೆಳಗೆ ಬಿಟ್ಟು, "ನಿಮ್ಮ ಸೊಸೆ ಬೆಳಗಿನಿಂದ ಎಲ್ಲೆಲ್ಲಿ ಓಡಾಡುತ್ತಾಳೋ ನನಗೂ ತೋರಿಸಿ" ಎಂದು ಒಳಗೆ ಹೋದರು. ಒಲೆ, ಒರಳು, ಬಚ್ಚಲು. ಅಲ್ಲಿಂದ ಹಿತ್ತಿಲ ಬಾಗಿಲಿನಿಂದ ಹೊರಟು ಬಾವಿ, ಕೊಟ್ಟಿಗೆ, ಗೊಬ್ಬರದ ಗುಂಡಿ, ತಿರುಗಿ ಒಲೆ. ಕೊಟ್ಟಿಗೆಗೆ ಹೋಗುವ ದಾರಿಯ ತುಂಬ ಚೂಪು ಜಂಬಿಟ್ಟಿಗೆ ಕಲ್ಲು. ಚಪ್ಪಲಿ ಇರುವುದು ಮುಂಬಾಗಿಲಲ್ಲಿ, ಜೀವನ ಪೂರ್ತಿ ನಡೆಯುವುದು ಹಿಂಬಾಗಿಲಲ್ಲಿ. ಅಮ್ಮಾವ್ರು ಕುಂಟುತ್ತಾ ಬಂದರು. "ಹೆಜ್ಜೆ ಎಣಿಸುತ್ತಿದ್ದೆ. ಸಾವಿರ ದಾಟಿದ ಮೇಲೆ ಬಿಟ್ಟುಬಿಟ್ಟೆ" ಅಂದರು. ಅವರ ಅಂಗಾಲು ಕೆಂಪಾಗಿತ್ತು.

ಸೊಸೆ ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಬೇಕು ಎಂದು ಅಮ್ಮಾವ್ರು ಅಂದಾಗ ಅತ್ತೆ ತಲೆ ಅಲ್ಲಾಡಿಸಿದಳು. "ಮೆಟ್ಟು ಹಾಕ್ಕಂಡು ಒಲೆ ಮುಂದೆ ಓಡಾಡದಾ? ಒಳಗೆ ದೇವ್ರ ದೀಪ ಐತೆ. ಹಿರೇರಿಗೆ ಎಡೆ ಇಡೋ ಮನೆ ಇದು. ಆಗದಲ್ಲ ಹೋಗದಲ್ಲ ಅದು." ನಾನಾಗಿದ್ದರೆ, ಸೊಸೆಯ ಕಾಲಿಗಿಂತ ಹೆಚ್ಚಾ ನಿನ್ನ ಮಡಿ ಅಂತ ಹಾರಾಡುತ್ತಿದ್ದೆ. ಅಮ್ಮಾವ್ರು ಹಾರಾಡಲಿಲ್ಲ. ಮಗುವನ್ನು ಎತ್ತಿಕೊಂಡು ಜಗುಲಿಯ ಮೇಲೆ ಕೂತು, "ಈ ಮನೆಯೊಳಗೆ ಯಾರೂ ಎಂದೂ ಕಾಲಿಗೆ ಏನೂ ಹಾಕಿಕೊಂಡಿಲ್ಲವಾ?" ಎಂದು ಕೇಳಿದರು.

ಮುದುಕಿ ಜಗುಲಿಯ ಗೂಡು ತೋರಿಸಿದಳು. ಅಲ್ಲಿ ಒಂದು ಜೊತೆ ಮರದ ಹಾವುಗೆ, ಅದರ ಮೇಲೆ ಬಾಡಿದ ಹೂವು. "ನಮ್ಮ ಮಾವಂದು. ಮಿಂದು ಬಂದು ಅದನ್ನ ಮೆಟ್ಕಂಡೇ ದೇವ್ರ ಮುಂದೆ ಹೋಗೋರು. ಮರಕ್ಕೆ ಎಂತ ಮೈಲಿಗೆ?"

ಅಂಗಳದ ತುದಿಯಲ್ಲಿ ಕೂತಿದ್ದ ನಾನು ಎದ್ದು ನಿಂತೆ. "ಹಂಗಾದ್ರೆ ಮರದ್ದೇ ಮಾಡ್ತೀನಿ ಅಮ್ಮ. ತೊಗಲು ಒಂದೆಳೆ ಇರಲ್ಲ. ಮೇಲೆ ಒಂದು ಪದರ ರಬ್ಬರು."

"ರಬ್ಬರು ಎಂತದು? ತೊಗಲಾ?"

"ಅಲ್ಲ. ಮರದ ಹಾಲು. ಹಲಸಿನ ಮೇಣ ಇಲ್ವಾ, ಹಂಗೇ."

"ನೋಡಣ" ಅಂದಳು. ಡಬ್ಬಕ್ಕೆ ಜೋನಿಬೆಲ್ಲ ತುಂಬಿ ಕೊಟ್ಟಳು.

ಒಪ್ಪಿಕೊಂಡು ಬಂದೆ, ಆದರೆ ನಾನು ತೊಗಲಿನವನು. ತೊಗಲು ಕಾಲಿಗೆ ಬಗ್ಗುತ್ತದೆ, ಮರ ಬಗ್ಗುವುದಿಲ್ಲ. ಬಡಗಿಯೊಬ್ಬನ ಬಾಚಿ, ಉಳಿ ಕೇಳಿ ತಂದು, ಹಗುರವೆಂದು ಹಾಲೆ ಮರದ ತುಂಡು ಆರಿಸಿದೆ. ಹಾವುಗೆಯ ಮುಂದಿನ ಗುಂಡಿಯಂಥ ಗುಬುಟನ್ನು ಬೆರಳ ಸಂದಿಯಲ್ಲಿ ಹಿಡಿಯಬೇಕು. ಸತ್ತ ಬೆರಳು ಹಿಡಿಯುವುದಿಲ್ಲ, ಗುಬುಟೇ ಕೊರೆದು ಹುಣ್ಣಾಗುತ್ತದೆ. ಅದನ್ನು ಬಿಟ್ಟು ಪಟ್ಟಿ ಹಾಕಬೇಕು. ತೊಗಲಿಲ್ಲ, ಮೊಳೆಯಿಲ್ಲ. ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯನ್ನು ಪಕ್ಕದ ಸೀಳಿನಲ್ಲಿ ತೂರಿಸಿ ಮರದ ಬೆಣೆ ಹೊಡೆದೆ. ಅಡಿಯನ್ನು ಮುಂದಕ್ಕೆ ದೋಣಿಯ ಹಾಗೆ ಬಾಗಿಸಬೇಕು ಅಂದರು ಡಾಕ್ಟರು. ಪಾದ ಮಡಚದೆ ಉರುಳಿಕೊಂಡು ಹೋದರೆ ಹೆಬ್ಬೆಟ್ಟಿನ ಬುಡಕ್ಕೆ ಭಾರ ಬೀಳುವುದಿಲ್ಲ.

ಸೊಸೆಯ ಅಳತೆ ತೆಗೆಯಲು ಹೊರಟವನನ್ನು ಅಮ್ಮಾವ್ರು ತಡೆದರು. "ಮೊದಲು ನನ್ನ ಅಳತೆಗೆ ಮಾಡಿ. ಇದು ಎಲ್ಲಿ ನೋಯಿಸುತ್ತದೆ ಅಂತ ಅವಳ ಕಾಲು ಹೇಳುವುದಿಲ್ಲ. ನನ್ನ ಕಾಲು ಹೇಳುತ್ತದೆ."

ಹೇಳಿತು, ಚೆನ್ನಾಗಿಯೇ ಹೇಳಿತು. ಮೊದಲನೆಯ ಜೊತೆಯಲ್ಲಿ ಬಾಗು ತೀರಾ ಹಿಂದಾಗಿ ಅವರು ಮುಗ್ಗರಿಸಿದರು. ಎರಡನೆಯದು ಪಟ್ಟಿ ಉಜ್ಜಿ ಪಾದದ ಮೇಲೆ ಬೊಬ್ಬೆ ಎಬ್ಬಿಸಿತು. ಪಟ್ಟಿ ಅಗಲ ಮಾಡಿ ಒಳಗೆ ಹಳೆ ಕಂಬಳಿಯ ತುಂಡು ಕೊಟ್ಟೆ. ಮೂರನೆಯ ಜೊತೆಯಲ್ಲಿ ಅಡಿಗೆಮನೆಯ ನುಣುಪು ನೆಲದಲ್ಲಿ ಜಾರಿಬಿದ್ದರು. ಮೊಳಕೈ ಬಾತುಕೊಂಡು ಎರಡು ದಿನ ಡಾಕ್ಟರೇ ಅಡಿಗೆ ಮಾಡಿದರು. ಆ ಅಡಿಗೆ ಉಂಡವರು ಪಾಪ ಆ ಮಗಳು ಮತ್ತು ನಾನು. ಹಾವುಗೆಯನ್ನು ಒಲೆಗೆ ಹಾಕಿಬಿಡುತ್ತೇನೆ, ಇದು ನನ್ನಿಂದಾಗದು ಎಂದು ಕೂಗಾಡಿದೆ. ಅಮ್ಮಾವ್ರು ಜೋಲಿಯಲ್ಲಿದ್ದ ಕೈಯನ್ನೇ ತೋರಿಸಿ, "ನಾನು ಬಿದ್ದದ್ದು ವ್ಯರ್ಥವಾಗಬೇಕಾ?" ಅಂದರು. ತೆಪ್ಪಗೆ ಹೋಗಿ ಸೈಕಲ್ಲಿನ ಟ್ಯೂಬು ಕತ್ತರಿಸಿ ಹಾವುಗೆಯ ತಳಕ್ಕೆ ಅಂಟಿಸಿದೆ. ಜಾರುವುದೂ ನಿಂತಿತು, ಟಕಟಕ ಸದ್ದೂ ನಿಂತಿತು.

ನಾಲ್ಕನೆಯ ಜೊತೆಯನ್ನು ಅಮ್ಮಾವ್ರು ಏಳುವಾಗ ಹಾಕಿ ಮಲಗುವಾಗ ತೆಗೆದರು, ಹತ್ತು ದಿನ. ಎಲ್ಲೂ ಒಂದು ಕೆಂಪು ಗೆರೆ ಇಲ್ಲ. ಅಷ್ಟರಲ್ಲಿ ಮಗಳು ತನಗೂ ಬೇಕೆಂದು ಹಟ ಹಿಡಿದು ಪಡೆದುಕೊಂಡಿದ್ದಳು. ಮನೆಯವರೆಲ್ಲ ಹಾಕಿದರೆ ತಾನೊಬ್ಬ ಬೂಟಿನಲ್ಲಿರುವುದು ಸರಿಯಲ್ಲವೆಂದು ಡಾಕ್ಟರೂ ಒಂದು ಜೊತೆ ಮಾಡಿಸಿಕೊಂಡರು. ಬಂಗಲೆಯ ಬಾಗಿಲಲ್ಲಿ ಮೂರು ಜೊತೆ ಬೂಟು ಸಾಲಾಗಿ ನಿಂತದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಪ್ಲಾಸ್ಟರು ಬಿಚ್ಚುವ ದಿನ ಅತ್ತೆಯೂ ಬಂದಿದ್ದಳು. ಹುಣ್ಣು ಮುಚ್ಚಿತ್ತು. ಹೊಸ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಅದೇ ಮಾದರಿಯಲ್ಲಿ ಅವಳ ಹಳೆಯ ಅಳತೆಗೆ ಮಾಡಿಟ್ಟಿದ್ದ ಹಾವುಗೆ ಹಾಕಿಸಿ ಬಂಗಲೆಯ ಒಳಗೇ ನಡೆಸಿದೆವು. ಡಾಕ್ಟರು ತಮ್ಮ ಮಾಮೂಲಿ ಮಾತು ಹೇಳಿದರು. ಈ ಸಲ ನಾನು ಚುಟುಕು ಮಾಡಲಿಲ್ಲ. "ಹಾಸ್ಗೆಯಿಂದ ಕಾಲು ಇಳಿಸಕ್ಕಿಂತ ಮೊದ್ಲು ಹಾಕ್ಕಳಿ. ಒಲೆ ಮುಂದೆ, ಬಚ್ಚಲಲ್ಲಿ, ಬಾವಿಕಟ್ಟೇಲಿ, ಕೊಟ್ಟಿಗೇಲಿ, ಮಗು ಅತ್ತಾಗ ಓಡಿಹೋಗುವಾಗ್ಲೂ" ಎಂದು ಒಂದೊಂದೇ ಹೇಳಿ, ಅವಳಿಂದಲೂ ಹೇಳಿಸಿದೆ. ಅತ್ತೆ ಬಾಗಿಲ ಬೂಟುಗಳನ್ನೂ ಅಮ್ಮಾವ್ರ ಕಾಲನ್ನೂ ನೋಡುತ್ತಿದ್ದಳು.

ಆ ಪಾದ ಆಮೇಲೆ ಎಂದೂ ಒಡೆಯಲಿಲ್ಲ ಎಂದು ಈಗ ಬರೆಯಬಹುದು. ಆವಾಗ ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ತಿಂಗಳು ಕಳೆದು ಅತ್ತೆ ಸೊಸೆ ಇಬ್ಬರೂ ಸಾಗರಕ್ಕೇ ಬಂದಾಗ, ಸೊಸೆಯ ಮುಖ ನೋಡಿಯೇ ನಾನು ಕೈಯಲ್ಲಿದ್ದ ಉಳಿ ಕೆಳಗಿಟ್ಟು ಅವರ ಹಿಂದೆಯೇ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಪಾದವನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿದರು. ಗಾಯವಿಲ್ಲ, ಆದರೆ ಹೆಬ್ಬೆಟ್ಟಿನ ಬುಡ ಕೆಂಪಗೆ, ಬಿಸಿಯಾಗಿದೆ. ಒಡೆಯುವ ಮುಂಚಿನ ಲಕ್ಷಣ ಅದು. ಹಾವುಗೆ ಹಾಕಿಕೊಂಡಿದ್ದಿರಾ ಎಂದು ಡಾಕ್ಟರು ಕೇಳಿದರೆ, ಸೊಸೆ ತಲೆ ತಗ್ಗಿಸಿದಳು. ಪಕ್ಕದ ಮನೆಯವಳು ಬೆಂಕಿ ಕೇಳಲು ಬಂದು, ಇದೆಂತದು ನಿನಗೊಬ್ಬಳಿಗೆ ಹೊಸ ದೊರೆಸಾನಿಗಿರಿ, ಕಾಲಿಗೆ ಏನಾಗಿದೆ ಎಂದು ಕೇಳಿದ್ದಳಂತೆ. ಅಂದಿನಿಂದ ನಾಲ್ಕು ದಿನ ತೆಗೆದಿಟ್ಟಿದ್ದಳು.

ಅಮ್ಮಾವ್ರು ಸೊಸೆಯನ್ನು ವಾರ್ಡಿಗೆ ಕರೆದೊಯ್ದು ಮಲಗಿಸಿದರು. ಕಾಲು ಕೆಳಗಿಡದೆ ಒಂದು ವಾರ ಮಲಗಿದರೆ ಕೆಂಪು ಇಳಿದೀತು. ಆದರೆ ಮನೆಗೆ ಹೋದ ಮೇಲೆ? ಪಕ್ಕದ ಮನೆಯವಳ ಬಾಯಿಗೆ ನಾನು ಯಾವ ಮರದ ಬೆಣೆ ಹೊಡೆಯಲಿ? ಸೋತು ಸುಣ್ಣವಾಗಿ ಕೊಟ್ಟಿಗೆಯಲ್ಲಿ ಕೂತಿದ್ದೆ. ಅತ್ತೆ ಬಂದು ಬಾಗಿಲಲ್ಲಿ ನಿಂತಳು.

"ನಂಗೂ ಒಂದು ಜೊತೆ ಮಾಡು" ಅಂದಳು.

"ನಿಮ್ಗೆ ಯಾಕಮ್ಮ? ನಿಮ್ ಕಾಲು ಗಟ್ಟಿ ಐತಲ್ಲ."

"ಅವ್ಳೊಬ್ಳೇ ಹಾಕ್ಕಂಡ್ರೆ ಯಾಕೆ ಅಂತ ಕೇಳ್ತಾರೆ. ಅತ್ತೆ ಸೊಸೆ ಇಬ್ರೂ ಹಾಕ್ಕಂಡ್ರೆ, ಈ ಮನೆಯೋರ ಪದ್ಧತಿ ಅಂತ ಸುಮ್ನಾಗ್ತಾರೆ. ಹೆಣ್ಣುಮಗು ಐತೆ, ಅದು ಸ್ವಲ್ಪ ದೊಡ್ದಾದ ಮೇಲೆ ಅದಕ್ಕೂ ಒಂದು ಮಾಡು."

ಅಳತೆಯ ಕಾಗದವನ್ನು ಅಭ್ಯಾಸದಂತೆ ಅವಳ ಕಡೆಗೆ ನೆಲದ ಮೇಲೆ ಸರಿಸಿ, ಅವಳನ್ನು ಮುಟ್ಟದ ಹಾಗೆ ನಾನು ಹಿಂದಕ್ಕೆ ಕೂತೆ. ಮುದುಕಿ ಕಾಗದದ ಮೇಲೆ ಕಾಲಿಟ್ಟಳು. "ಅಷ್ಟು ದೂರದಿಂದ ಹೆಂಗೆ ಗೆರೆ ಎಳೀತೀಯ ಮಾರಾಯ, ಬಾ ಇತ್ಲಾಗೆ, ಹಿಡ್ಕ" ಅಂದಳು. ನಾನು ಮುಂದೆ ಬಂದು ಅವಳ ಹಿಮ್ಮಡಿ ಹಿಡಿದೆ. ಕಣ್ಣು ತುಂಬಿ ಬಂದು ಪೆನ್ಸಿಲ್ಲಿನ ಗೆರೆ ಸೊಟ್ಟಗಾಯಿತು. ಕಾಗದ ಬದಲಾಯಿಸಿ ಇನ್ನೊಂದು ಸಲ ಎಳೆಯಬೇಕಾಯಿತು. ಅವಳು ಅಲ್ಲಿಯವರೆಗೂ ನನ್ನ ಕೈಯಿಂದ ಕಾಲು ಬಿಡಿಸಿಕೊಳ್ಳಲಿಲ್ಲ.